ಅಗಸ್ಟಸ್ ಬಿಟ್ಟುಕೊಟ್ಟ ಅಧಿಕಾರ

ವೇದಿಕೆಯ ನಡುವಿನ ಕುರ್ಚಿಯನ್ನು ಅಲಂಕರಿಸಿರುವ ಇಂದಿನ ಸಭಾಧ್ಯಕ್ಷರಾದ ಪುಟ್ಟಸ್ವಾಮಿಯವರೇ, ಆ ಕುರ್ಚಿಯ ಪಕ್ಕದಲ್ಲಿ ಕೂತು ನನಗೆ ಅಭ್ಯಾಸವಿಲ್ಲ, ಮೊಣಕೈ ತಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಬೆಳೆಗಾರರ ಸಂಘದ ನೂತನ ಅಧ್ಯಕ್ಷೆ ಮೇಘಶ್ರೀಯವರೇ, ಚಿಕ್ಕಮಗಳೂರಿನಿಂದ ಬಂದ ಅತಿಥಿಗಳೇ, ಕಳಸದಿಂದ ಬೆಳಿಗ್ಗೆಯೇ ಜೀಪು ಹತ್ತಿ ಬಂದ ಸದಸ್ಯರೇ, ಇದೇ ಬಣಕಲ್ಲಿನಲ್ಲಿ ಮನೆಯಿದ್ದೂ ಎಲ್ಲರಿಗಿಂತ ತಡವಾಗಿ ಬಂದ ಸದಸ್ಯರೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಗಡಿಯಾರ ನೋಡುತ್ತಿರುವ ನನ್ನ ಶ್ರೀಮತಿ ರುದ್ರಾಣಿಯವರೇ, ಮತ್ತು ಸಭಿಕರೇ.

ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ, ಪೇಟ ತೊಡಿಸಿದ್ದೀರಿ. ಪೇಟ ಒಂದು ಸುತ್ತು ದೊಡ್ಡದಾಗಿ ಕಿವಿ ಮುಚ್ಚಿದ್ದರಿಂದ ಪುಟ್ಟಸ್ವಾಮಿಯವರು ನನ್ನನ್ನು ಹೊಗಳಿದ್ದರಲ್ಲಿ ಅರ್ಧ ಕೇಳಿಸಲಿಲ್ಲ. ಕೇಳಿಸಿದ ಅರ್ಧ ಚೆನ್ನಾಗಿತ್ತು. 'ಹದಿನೆಂಟು ವರ್ಷ ಈ ಸಂಘವನ್ನು ಆಳಿದ ಜಯದೇವಪ್ಪನವರು' ಎಂದರು. ಆಳಿದ ಎಂಬ ಮಾತು ಅವರ ಬಾಯಿಂದಲೇ ಬಂದ ಮೇಲೆ ನಾನು ನೇರವಾಗಿ ರೋಮಿಗೆ ಹೋಗುತ್ತೇನೆ. ಹಿಂದೆ ಯಾರೋ ನಿಟ್ಟುಸಿರು ಬಿಟ್ಟರು, ಅದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಊಟ ಎಲ್ಲಿಗೂ ಓಡಿಹೋಗುವುದಿಲ್ಲ, ಕೂತುಕೊಳ್ಳಿ.

ನಾನು ಚಿಕ್ಕಮಗಳೂರಿನ ಕಾಲೇಜಿನಲ್ಲಿ ಚರಿತ್ರೆ ಓದಿದವನು. ಮೇಷ್ಟ್ರಾಗಬೇಕೆಂದಿದ್ದೆ, ಅಪ್ಪ ಎಸ್ಟೇಟಿಗೆ ಕರೆದುಕೊಂಡರು. ತರಗತಿ ಸಿಗದ ಮೇಷ್ಟ್ರು ಏನು ಮಾಡುತ್ತಾನೆ? ಮೈಕ್ ಸಿಕ್ಕಲ್ಲೆಲ್ಲ ಪಾಠ ಮಾಡುತ್ತಾನೆ. ಗೊಬ್ಬರದ ಸಭೆಯಲ್ಲಿ ಸೀಸರನನ್ನೂ, ಕಾಂಡಕೊರಕ ಹುಳದ ಸಭೆಯಲ್ಲಿ ನೀರೋನನ್ನೂ ನೀವು ಸಹಿಸಿಕೊಂಡಿದ್ದೀರಿ. ಇವತ್ತು ಕೊನೆಯದಾಗಿ ಅಗಸ್ಟಸ್.

ಈ ಅಗಸ್ಟಸ್ ಸೀಸರನ ದತ್ತುಮಗ. ಎದುರಾಳಿಗಳನ್ನೆಲ್ಲ ಯುದ್ಧದಲ್ಲಿ ಮುಗಿಸಿ ಒಂದು ದಿನ ರೋಮಿನ ಹಿರಿಯರ ಸಭೆಗೆ ಬಂದು ನಿಂತ. 'ನನ್ನ ಕೆಲಸವಾಯಿತು, ಅಧಿಕಾರವೆಲ್ಲ ನಿಮಗೇ ವಾಪಸ್' ಎಂದ. ಸಭೆ ಏನು ಮಾಡಬೇಕು? 'ಅಯ್ಯೋ ಬೇಡ, ನೀವೇ ಇರಬೇಕು' ಎಂದು ಗೋಗರೆಯಿತು. ಸರಿ, ನೀವು ಅಷ್ಟು ಹೇಳುವಾಗ ಎಂದು ಒಪ್ಪಿಕೊಂಡ. ಆಮೇಲೆ ಪ್ರಾಂತ್ಯಗಳನ್ನು ಹಂಚಿಕೊಂಡರು. ಗಲಾಟೆ ಇಲ್ಲದ ಪ್ರಾಂತ್ಯಗಳನ್ನು ಸಭೆಗೆ ಬಿಟ್ಟ. ಸೈನ್ಯ ಬೀಡುಬಿಟ್ಟ ಪ್ರಾಂತ್ಯಗಳನ್ನು, ಪಾಪ, ಕಷ್ಟದ ಕೆಲಸವೆಂದು ತಾನೇ ಇಟ್ಟುಕೊಂಡ. ರಾಜ ಎಂಬ ಹೆಸರು ಬೇಡವೆಂದ. ಹೆಸರಿಲ್ಲದಿದ್ದರೆ ಏನಂತೆ, ಸೈನಿಕರು ಯಾರ ಮಾತು ಕೇಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಇದು ನಮಗೇನು ಹೊಸದೇ? ನಮ್ಮ ಮದುವೆ ಮನೆಗಳಲ್ಲಿ ಹೋಳಿಗೆ ತಂದವನಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು 'ಸಾಕು, ಸಾಕು' ಎನ್ನುತ್ತೇವೆ. ಅವನು ಬೆರಳ ಸಂದಿಯಲ್ಲಿ ಹಾಕಿಯೇ ಹೋಗುತ್ತಾನೆ. ನಿಜವಾಗಿ ಹಾಕದೆ ಹೋದರೆ ಆ ಮನೆಯ ಉಪಚಾರದ ಬಗ್ಗೆ ವರ್ಷಗಟ್ಟಲೆ ಮಾತಾಡುತ್ತೇವೆ. ನಮ್ಮ ಸಂಘದಲ್ಲೂ ಹಾಗೇ ನಡೆದುಬಂದಿತ್ತು. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆಯಲ್ಲಿ ನಾನು ಎದ್ದು 'ಸಾಕು, ನನ್ನನ್ನು ಬಿಡಿ' ಎನ್ನುವುದು. ಗೊಬ್ಬರದ ಅಂಗಡಿಯ ಹಾಲೇಶ್ ಎದ್ದು 'ಅದೆಲ್ಲ ಆಗಲ್ಲ, ನೀವೇ ಇರ್ಬೇಕು' ಎನ್ನುವುದು. ನಾನು ತಲೆ ಅಲ್ಲಾಡಿಸುವುದು. ಚಪ್ಪಾಳೆ, ಆಮೇಲೆ ಬೋಂಡ.

ಈ ಸಲವೂ ಎದ್ದೆ. 'ವಯಸ್ಸಾಯಿತು, ಮಂಡಿನೋವು ಬೇರೆ, ಹೊಸಬರು ಬರಲಿ' ಎಂದೆ. ಕೂತು ಕನ್ನಡಕ ಒರೆಸುತ್ತಾ ಹಾಲೇಶರಿಗಾಗಿ ಕಾದೆ. ಹಾಲೇಶ್ ಎದ್ದರು. ಕಣ್ಣಲ್ಲಿ ನೀರಿತ್ತು.

'ಪಾಪ, ಅಣ್ಣ ಪ್ರತಿ ವರ್ಷ ಬೇಡ ಬೇಡ ಅಂತಾರೆ, ನಾವೇ ಬಿಡಲ್ಲ. ಮಂಡಿ ಬೇರೆ ನೋವಂತೆ. ನಮ್ಮ ಸ್ವಾರ್ಥಕ್ಕೆ ಎಷ್ಟು ವರ್ಷ ಮಾರಾಯ್ರೆ ಅವ್ರನ್ನ ಗೋಳು ಹುಯ್ಕೊಳ್ಳೋದು? ಈ ಸಲ ಬಿಟ್ಬಿಡಣ' ಎಂದರು.

ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಸೀಸರನ ಹತ್ತಿರ ಬ್ರೂಟಸ್ ಕತ್ತಿ ಹಿಡಿದು ಬಂದಿದ್ದ, ನನ್ನ ಹತ್ತಿರ ಹಾಲೇಶ್ ಕನಿಕರ ಹಿಡಿದು ಬಂದರು. ಕತ್ತಿಯಾಗಿದ್ದರೆ ಕೈ ಅಡ್ಡ ಕೊಡಬಹುದಿತ್ತು.

ನಗಬೇಡಿ. ಅಥವಾ ನಗಿ, ಆದರೆ ನನಗೆ ನೋವಾಯಿತು. ಆ ದಿನ ಬೋಂಡ ಮುಟ್ಟದೆ ಎದ್ದುಬಂದೆ. ಮನೆಗೆ ಹೋಗಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈದೆ. ರುದ್ರಾಣಿ ಕೇಳಿಸಿಕೊಂಡು, 'ನೀವು ಬೇಡ ಅಂದ್ರಿ. ಅವ್ರು ಬೇಡ ಅಂತಾನೇ ತಿಳ್ಕೊಂಡ್ರು. ಅವ್ರದ್ದೇನು ತಪ್ಪು?' ಎಂದಳು. ಅಗಸ್ಟಸ್ ನಂತರ ಬಂದ ಟೈಬೀರಿಯಸ್ ಕೂಡ ಇಷ್ಟು ದೊಡ್ಡ ಭಾರ ತನ್ನಿಂದಾಗದೆಂದು ಬಹಳ ಹೊತ್ತು ಎಳೆದಾಡಿದ್ದ. ಸಭೆಯಲ್ಲಿ ಒಬ್ಬನಿಗೆ ತಾಳ್ಮೆ ತಪ್ಪಿ, 'ತಗೊಂಡರೆ ತಗೊಳ್ಳಲಿ, ಇಲ್ಲದಿದ್ದರೆ ಬಿಡಲಿ' ಎಂದು ಕೂಗಿದನಂತೆ. ಆ ಮನುಷ್ಯ ನಮ್ಮ ಮನೆಯಲ್ಲೇ ಇದ್ದಾನೆಂದು ನನಗೆ ಅವತ್ತು ಗೊತ್ತಾಯಿತು.

ಇನ್ನು ನಮ್ಮ ಕಾವಲು ಪಡೆಯ ಬಗ್ಗೆ ಎರಡು ಮಾತು ಆಡದಿದ್ದರೆ ತಪ್ಪಾಗುತ್ತದೆ. ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಒಣಗಲು ಹಾಕಿದ ಕಾಫಿ, ಮೆಣಸು ಕಳುವಾಗುತ್ತಿದ್ದಾಗ ಕಟ್ಟಿದ್ದು. ಖಾಕಿ ಜಾಕೆಟ್ಟು, ಸೀಟಿ, ಸಂಘದ ಜೀಪು. ಕಳ್ಳತನ ನಿಂತಿತು, ಇದರಲ್ಲಿ ಎರಡು ಮಾತಿಲ್ಲ. ಒಳ್ಳೆಯ ಹುಡುಗರು. ನಾನು ಕೆಮ್ಮಿದರೆ ನೀರು ತರುತ್ತಿದ್ದರು. ಧರ್ಮೇಶ್ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆ ಎಂದ ವರ್ಷ ಜೀಪು ಅವನ ತೋಟದ ಕಡೆ ಅಷ್ಟಾಗಿ ಹೋಗಲಿಲ್ಲ. ನಾನು ಹಾಗೆ ಹೇಳಿರಲಿಲ್ಲ, ಅಲ್ಲಿ ರಸ್ತೆ ಸರಿಯಿಲ್ಲ ಎಂದು ಹುಡುಗರೇ ಹೇಳಿದರು. ರಸ್ತೆ ಸರಿಯಿರಲಿಲ್ಲವೇನೋ. ಅವನು ಹೆಸರು ವಾಪಸ್ ತೆಗೆದುಕೊಂಡ ಮೇಲೆ ಜೀಪು ಹೋಗತೊಡಗಿತು. ಧರ್ಮೇಶ್ ಇಲ್ಲೇ ಇದ್ದಾನೆ, ತಲೆ ತಗ್ಗಿಸಿಕೊಂಡು ನಗುತ್ತಿದ್ದಾನೆ. ನಗುತ್ತಿದ್ದಾನೆ ಎಂದುಕೊಳ್ಳುತ್ತೇನೆ. ಇರಲಿ, ವಿಷಯಕ್ಕೆ ಬರುತ್ತೇನೆ.

ನಿನ್ನೆ ಮೇಘಶ್ರೀ ಹಣ್ಣು, ಎಲೆ ಅಡಿಕೆ ಹಿಡಿದು ಮನೆಗೆ ಬಂದಿದ್ದರು. ಇವರು ನಮ್ಮ ಶಂಕರಮ್ಮನವರ ಸೊಸೆ, ಕಳಸದ ಕಡೆ ತೋಟವನ್ನು ತಾವೇ ನಿಂತು ಮಾಡಿಸುವವರು. 'ಸರ್, ಕಾವಲು ಪಡೆ, ಜೀಪು ನೀವೇ ನೋಡ್ಕೊಳ್ಳಿ. ಹುಡುಗ್ರು ಕೇಳೋದು ನಿಮ್ಮ ಮಾತೇ. ಗೌರವ ಸಲಹೆಗಾರರು ಅಂತ ಮಾಡ್ತೀವಿ, ನಾಳೆ ವೇದಿಕೆ ಮೇಲೇ ಒಪ್ಕೊಂಡ್ಬಿಡಿ' ಎಂದರು. ನೋಡೋಣಮ್ಮ ಎಂದೆ. ಅವರು ಗೇಟು ದಾಟುವಷ್ಟರಲ್ಲಿ ನನ್ನ ಮಂಡಿನೋವು ಹೋಗಿತ್ತು.

ಸಭಿಕರೇ, ಒಪ್ಪಿಕೊಳ್ಳಲೆಂದೇ ನಾನು ಇಲ್ಲಿ ಬಂದು ನಿಂತೆ. ಅಗಸ್ಟಸ್ಸಿನ ಕಥೆ ನಿಮ್ಮನ್ನು ನಗಿಸಲು ಎತ್ತಿಕೊಂಡದ್ದು. ಆದರೆ ಸೈನ್ಯದ ಪ್ರಾಂತ್ಯಗಳನ್ನು ತಾನೇ ಇಟ್ಟುಕೊಂಡ ಎಂದು ನಾನು ಹೇಳುವಾಗ ರುದ್ರಾಣಿ ಗಡಿಯಾರ ನೋಡುವುದನ್ನು ಬಿಟ್ಟು ನನ್ನನ್ನೇ ನೋಡಿದಳು. ಇನ್ನೂ ನೋಡುತ್ತಲೇ ಇದ್ದಾಳೆ. ಮದುವೆಯಾದಾಗಿನಿಂದ ಈ ಕಥೆ ಕೇಳಿದವಳು ಅವಳು, ಹೇಳಿದವನು ನಾನು. ಅರ್ಥ ಮಾಡಿಕೊಂಡವರು ಯಾರು?

ಆದ್ದರಿಂದ ಮೇಘಶ್ರೀಯವರೇ, ಬೇಡಮ್ಮ. ಪಡೆ ನನ್ನ ಹತ್ತಿರ ಉಳಿದರೆ ನೀವು ಕಾಗದಕ್ಕೆ ಸಹಿ ಹಾಕುವ ಅಧ್ಯಕ್ಷೆ, ಅಷ್ಟೇ. ಯಾವ ಕಡೆ ರಸ್ತೆ ಸರಿಯಿದೆ, ಯಾವ ಕಡೆ ಸರಿಯಿಲ್ಲ ಎಂದು ಇನ್ನು ಮುಂದೆ ನೀವೇ ಹುಡುಗರ ಜೊತೆ ಜೀಪಿನಲ್ಲಿ ಕೂತು ನೋಡಬೇಕು. ಮೊದಲು ಧರ್ಮೇಶನ ತೋಟದ ಕಡೆ ಹೋಗಿಬನ್ನಿ.

ಪಡೆಯ ಹುಡುಗರೇ, ನಾಳೆಯಿಂದ ಫೋನು ಮೇಡಂಗೆ ಮಾಡಿ. ನನಗೆ ಮಾಡಿದರೆ ಎತ್ತುವುದಿಲ್ಲ. ಎತ್ತಬೇಕು ಎಂದು ಬಹಳ ಅನಿಸುತ್ತದೆ, ಸುಳ್ಳು ಹೇಳುವುದಿಲ್ಲ. ಆದರೂ ಎತ್ತುವುದಿಲ್ಲ.

ಇಷ್ಟು ವರ್ಷ ನನ್ನ ಮಾತು ಕೇಳಿದಿರಿ, ಕೇಳಿದಂತೆ ಕೂತಿರಿ, ಎರಡಕ್ಕೂ ನಾನು ಋಣಿ. ಸನ್ಮಾನಕ್ಕೆ, ಬರಲಿರುವ ಊಟಕ್ಕೆ, ಎಲ್ಲದಕ್ಕೂ ಧನ್ಯವಾದ.

ಹಾಲೇಶ್, ಯಾಕೆ ಎದ್ದಿರಿ? ಏನು ಹೇಳಲು ಎದ್ದಿರಿ ಎಂದು ನನಗೆ ಗೊತ್ತು. ಕೂತ್ಕೊಳ್ಳಿ ಮಾರಾಯ್ರೆ. ಈ ಸಲ ಬೇಡ ಅಂದಿದ್ದು ಬೇಡ ಅಂತಲೇ. ನಮಸ್ಕಾರ.