ಪಕ್ಕದ ಮಂಚದವಳ ನೋವು

ಒಂದೂರಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದರು. ಊರಿನ ಹೆಸರು ಬೇಡ. ಹೇಳಿದರೆ ನಿಮ್ಮಲ್ಲಿ ನಾಲ್ಕು ಜನ ಅವರ ಮನೆ ಹುಡುಕಿಕೊಂಡು ಹೋಗುತ್ತೀರಿ. ಸಾಹುಕಾರರು ಅಂತಲೇ ಕರೆಯೋಣ. ಅಂಗಡಿಯಲ್ಲಿ ಕೂತು ಕೂತು ಅವರ ಬೆನ್ನು ಕೆಟ್ಟಿತು. ಬೆನ್ನುಮೂಳೆಯ ಒಂದು ಡಿಸ್ಕ್ ಜರುಗಿ, ಕಾಲಿಗೆ ಹೋಗುವ ನರವನ್ನು ಒತ್ತಿಬಿಟ್ಟಿತು. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಸ್ಪೆಷಲ್ ರೂಮು ಖಾಲಿ ಇರಲಿಲ್ಲ, ಹಾಗಾಗಿ ಆಪರೇಷನ್ ಆದ ಗಂಡಸರು ಹೆಂಗಸರು ಎಲ್ಲರನ್ನೂ ಇರಿಸುವ ಜನರಲ್ ವಾರ್ಡಿನಲ್ಲೇ ಮಲಗಿಸಿದರು.

ಪಕ್ಕದ ಮಂಚದಲ್ಲಿ ಒಬ್ಬ ಹೆಂಗಸು. ಹೆಸರು ಲೂಸಿಯಾ. ಹಳಿಯಾಳದ ಕಡೆಯ ಸಿದ್ದಿ ಜನಾಂಗದವಳು. ನಿಮಗೆ ಗೊತ್ತಲ್ಲ, ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದು ನಮ್ಮ ಕಾಡಂಚಿನಲ್ಲಿ ನೆಲೆಸಿದ ಜನ. ಕಪ್ಪು ಬಣ್ಣ, ಗುಂಗುರು ಕೂದಲು. ಗದ್ದೆಯಲ್ಲಿ ಹುಲ್ಲಿನ ಹೊರೆ ಎತ್ತುವಾಗ ಅವಳ ಡಿಸ್ಕೂ ಜರುಗಿತ್ತು. ಅದೇ ಜಾಗ, ಅದೇ ಡಾಕ್ಟರು, ಅದೇ ಆಪರೇಷನ್.

ಮೊದಲ ದಿನ ಸಿಸ್ಟರ್ ಬಂದು ಅವಳನ್ನು ಇಂಗ್ಲಿಷಿನಲ್ಲಿ ಮಾತಾಡಿಸಿದಳು. ಲೂಸಿಯಾ ಸುಮ್ಮನೆ ನೋಡಿದಳು.

"ಕನ್ನಡ ಬರ್ತೈತೇನ ನಿನಗ?" ಅಂದಳು ಸಿಸ್ಟರ್.

"ಮತ್ತೇನ ಬರ್ತೈತ್ರಿ ನನಗ?" ಅಂದಳು ಲೂಸಿಯಾ. ವಾರ್ಡೆಲ್ಲ ನಕ್ಕಿತು. ಸಾಹುಕಾರರೂ ನಕ್ಕರು.

ನೋಡಿ, ಸಾಹುಕಾರರು "ಅಯ್ಯೋ" ಅಂದರೆ ಇಂಜೆಕ್ಷನ್ ಬರುತ್ತಿತ್ತು. ವ್ಯಾಯಾಮ ಕಲಿಸುವವರು ಬಂದು, ಮಗ್ಗುಲಾಗಿ ಏಳುವುದು ಹೇಗೆ, ಕಾಲು ಊರುವುದು ಹೇಗೆ ಅಂತ ಕೈ ಹಿಡಿದು ನಡೆಸುತ್ತಿದ್ದರು. ಲೂಸಿಯಾ ಹೇಳಿದಳು, "ಸಿಸ್ಟರ್, ಕಾಲಾಗ ಬೆಂಕಿ ಹತ್ತಿದಂಗ ಆಗೈತ್ರಿ. ಪಾದ ಎತ್ತಾಕ ಬರವಲ್ದು."

ಸಿಸ್ಟರ್ ಏನಂದಳು? "ತಡ್ಕೋ ಯವ್ವಾ. ನಿಮ್ಮ ಮಂದಿ ಗಟ್ಟಿ. ಅಡವಿಯೊಳಗ ಬೆಳೆದವ್ರು, ನಿಮಗೇನಾಗ್ತೈತಿ?"

ಸಿಸ್ಟರ್ ಕೆಟ್ಟವಳಲ್ಲ. ಅದನ್ನು ಬೈಗುಳ ಅಂತ ಅನ್ನಲಿಲ್ಲ, ಹೊಗಳಿಕೆ ಅಂತಲೇ ಅಂದಳು. ವ್ಯಾಯಾಮದವರೂ ಅವಳ ಮಂಚ ದಾಟಿ ಹೋದರು. "ಇವ್ರು ಊರಿಗೆ ಹೋದ್ರ ತಾವ ನಡೀತಾರ" ಅಂದರು. ಅದೂ ಹೊಗಳಿಕೆಯೇ! ಸಾಹುಕಾರರು ನೋಡಲು ಬಂದ ಹೆಂಡತಿಗೆ ಹೇಳಿದರು, "ಇಂಥಾ ಮೈ ನಮಗಿದ್ದಿದ್ರ ನಾವು ಹಾಸಿಗಿ ಹಿಡೀತಿದ್ವೇನ?"

ಒಂದು ಮಧ್ಯಾಹ್ನ ಸಾಹುಕಾರರು ಹೊರಳಿ ನೋಡಿದರು. ಲೂಸಿಯಾ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಕಣ್ಣೀರು ಕಿವಿಯ ಕಡೆ ಹರಿಯುತ್ತಿತ್ತು. ತನ್ನ ಪಾದವನ್ನೇ ದಿಟ್ಟಿಸುತ್ತಿದ್ದಳು. ಆ ಪಾದ ಅಲುಗುತ್ತಿರಲಿಲ್ಲ.

"ಯವ್ವಾ, ಅಷ್ಟು ನೋವೈತೇನ?"

"ಐತ್ರಿ ಸಾವ್ಕಾರ್ರ. ಕಾಲು ನಂದಲ್ಲ ಅನ್ನಂಗ ಆಗೈತಿ."

ಡಾಕ್ಟರು ಬಂದ ಕೂಡಲೇ ಹೇಳಬೇಕು ಅಂತ ಸಾಹುಕಾರರು ಅಂದುಕೊಂಡರು. ಅಂದುಕೊಂಡರು, ಅಷ್ಟೇ. ಅಷ್ಟರಲ್ಲಿ ಸ್ಪೆಷಲ್ ರೂಮು ಖಾಲಿಯಾಯಿತು. ಅವರನ್ನು ಅಲ್ಲಿಗೆ ಸಾಗಿಸಿದರು. ಕಿಟಕಿಯಿತ್ತು, ಗಾಳಿಯಿತ್ತು, ಟೀವಿಯಿತ್ತು. ಮರೆತರು. ಮರೆವು ಬರುವುದೂ ಎಂಥ ರೂಮಿನಲ್ಲಿ ನೋಡಿ!

ಕೆಲವು ತಿಂಗಳು ಕಳೆದವು. ಸಾಹುಕಾರರು ತಪಾಸಣೆಗೆ ಬಂದರು, ನೆಟ್ಟಗೆ ನಡೆದುಕೊಂಡು. ಲೂಸಿಯಾನೂ ಬಂದಿದ್ದಳು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಗಂಡನ ಹೆಗಲ ಮೇಲೆ. ಎಡಪಾದ ನೆಲಕ್ಕೆ ಉಜ್ಜುತ್ತಿತ್ತು.

"ಇದೇನವ್ವಾ? ನನಗ ನಿನಗ ಮಾಡಿದ್ದು ಒಂದ ಆಪರೇಷನ್. ಅವಾಗ ಹೇಳಬೇಕಿತ್ತಿಲ್ಲೋ?"

ಲೂಸಿಯಾ ಸಿಟ್ಟಾಗಲಿಲ್ಲ. ದನಿ ಏರಿಸಲಿಲ್ಲ. "ಹೇಳಿದ್ನೆಲ್ರಿ" ಅಂದಳು. "ನೀವ ಕೇಳಿಸ್ಕೊಂಡಿದ್ರಿ."

ಸಾಹುಕಾರರು ತಮ್ಮ ಸರದಿ ಬಂದಾಗ ಅವಳನ್ನೂ ಒಳಗೆ ಕರೆದುಕೊಂಡು ಹೋದರು. "ಡಾಕ್ಟ್ರ, ಈಕಿ ಅವತ್ತ ಹೇಳಿದ್ಲು. ಪಕ್ಕದಾಗ ನಾ ಇದ್ದೆ. ನಾನೂ ಸುಮ್ಮನಾದೆ."

ಡಾಕ್ಟರು ಪಾದ ಮುಟ್ಟಿ ನೋಡಿದರು. "ನನಗೆ ಯಾರೂ ಹೇಳಲಿಲ್ಲ" ಅಂದರು.

"ನಾ ಹೇಳಿದ್ನಿರಿ" ಅಂದಳು ಲೂಸಿಯಾ. "ನೀವು ಗುಡ್ ಗುಡ್ ಅಂದು ಮುಂದಿನ ಮಂಚಕ್ಕ ಹೋದ್ರಿ."

ಡಾಕ್ಟರು ನಿಜ ಹೇಳಿದರು. "ಅವತ್ತೇ ನೋಡಿದ್ದರೆ ನರ ಪೂರ್ತಿ ಉಳಿಯುತ್ತಿತ್ತೇನೋ. ಈಗ ಎಷ್ಟಾಗುತ್ತೋ ಅಷ್ಟು ಪ್ರಯತ್ನ ಮಾಡೋಣ. ದಿನಾ ವ್ಯಾಯಾಮಕ್ಕೆ ಬರಬೇಕು." ಕಾಡಿನ ಊರಿಂದ ದಿನಾ ಬರುವುದು ಹೇಗೆ? ಸಾಹುಕಾರರು ಗಂಡಹೆಂಡಿರಿಬ್ಬರನ್ನೂ ಆಸ್ಪತ್ರೆಗೆ ಹತ್ತಿರವಿದ್ದ ತಮ್ಮ ಮನೆಗೆ ಕರೆದೊಯ್ದರು. ಹೆಂಡತಿ ಹಿತ್ತಲ ಕೋಣೆ ಗುಡಿಸಲು ಹೊರಟರೆ, "ಪಡಸಾಲಿ ಪಕ್ಕದ್ದು ಕೊಡು" ಅಂದರು.

ಲೂಸಿಯಾ ನಡೆದಳಾ? ನಡೆದಳು. ಸಮ ನೆಲದಲ್ಲಿ ಕೋಲಿಲ್ಲದೆ ನಡೆಯುತ್ತಾಳೆ. ದಿಬ್ಬ ಏರುವಾಗ ಪಾದ ಇನ್ನೂ ಏಳುವುದಿಲ್ಲ. ಅವಳ ಊರಿರುವುದು ದಿಬ್ಬದ ಮೇಲೆ. ಗದ್ದೆಯ ಕೆಲಸ ಬಿಟ್ಟಳು. ಪಾದ ಹಾಗೆಯೇ ಉಳಿಯಿತು. ಪೂರ್ತಿ ವಾಸಿಯಾಯಿತು ಅಂತ ಹೇಳಿ ನಿಮ್ಮನ್ನು ಸಮಾಧಾನ ಮಾಡಿ ಕಳಿಸಲಾರೆ.

ಈಗ ನೀವೆಲ್ಲ ಮನಸ್ಸಿನಲ್ಲಿ ಆ ಸಿಸ್ಟರನ್ನು ಬೈಯುತ್ತಿದ್ದೀರಿ, ಅಲ್ಲವೇ? ತಡೆಯಿರಿ. ನಿಮ್ಮ ಮನೆಗೆ ಗಾರೆ ಹಾಕಲು ಬಂದವನು ಬಿಸಿಲಲ್ಲಿ ಕುಕ್ಕರಿಸಿದಾಗ "ಅವ್ರಿಗೆ ರೂಢಿ ಐತಿ ಬಿಡ್ರಿ" ಅಂದವರು ಯಾರು? ಮೂಟೆ ಹೊರುವವನ ಬೆನ್ನಿಗೆ ಇನ್ನೊಂದು ಮೂಟೆ ಹೇರಿ "ಗಟ್ಟಿ ಆಳು" ಅಂದವರು ಯಾರು? ಬಣ್ಣ ನೋಡಿ, ಜಾತಿ ನೋಡಿ, ಕೇರಿ ನೋಡಿ, ಇಂಥವರಿಗೆ ಇಷ್ಟೇ ನೋವು ಅಂತ ಅಳತೆ ಹಾಕುವ ಅಧಿಕಾರ ನಮಗೆ ಕೊಟ್ಟವರು ಯಾರು? ಗಟ್ಟಿ ಜನ ಅಂತ ಒಂದು ಜನ ಇಲ್ಲ. ನೋವನ್ನು ಹೇಳಿ ಹೇಳಿ ಸಾಕಾಗಿ ಸುಮ್ಮನಾದ ಜನ ಇದ್ದಾರೆ.

ಹಾಗಾಗಿ ನಾನು ನಿಮ್ಮಿಂದ ಕೇಳುವುದು ದಾನವನ್ನಲ್ಲ, ಪೂಜೆಯನ್ನಲ್ಲ. ನಾಳೆ ಬೆಳಿಗ್ಗೆ ಪಾತ್ರೆ ತಿಕ್ಕುವವಳು ಸೊಂಟ ಹಿಡಿದು ಬಾಗಿಲಲ್ಲಿ ನಿಂತರೆ, "ಏನೂ ಆಗಲ್ಲ" ಅನ್ನಬೇಡಿ. ಕುರ್ಚಿ ಕೊಡಿ. ಎಲ್ಲಿ ನೋವು ಅಂತ ಕೇಳಿ. ಅವಳು ಎಷ್ಟು ಅಂದಳೋ ಅಷ್ಟು ಅಂತ ನಂಬಿ. ಡಾಕ್ಟರ ಹತ್ತಿರ ನೀವೇ ಜೊತೆಗೆ ಹೋಗಿ, ಅವಳ ಮಾತು ಮುಗಿಯುವವರೆಗೆ ಅಲ್ಲೇ ನಿಂತಿರಿ.