ಛತ್ತು ಮುಟ್ಟಿದ ಇತ್ಯರ್ಥದ ಕಂಬ

ವೇದಿಕೆಯನ್ನು ಬೆಳಗುತ್ತಿರುವ ಅಧ್ಯಕ್ಷರೇ, ಬೀಳ್ಕೊಡುಗೆಯ ಹಾರಕ್ಕೆ ಕೊರಳು ಸಿದ್ಧಮಾಡಿಕೊಂಡು ಕುಳಿತಿರುವ ನ್ಯಾಯಾಧೀಶ ಅಂಬ್ರಪ್ಪ ಸಾಹೇಬರೇ, ಮೆಟ್ಟಿಲೇರಿ ಬರಲು ಸಾಧ್ಯವಾದ ಸಕಲ ಸಭಿಕರೇ,

ಸುರಪುರದ ಚರಿತ್ರೆಯಲ್ಲಿ ಇದುವರೆಗೆ ಸಂಭವಿಸದ ಘಟನೆಯೊಂದನ್ನು ಘೋಷಿಸಲು ನಿಂತಿದ್ದೇನೆ. ನಮ್ಮ ಅಂಗವಿಕಲರ ಮಾಸಾಶನ ಮೇಲ್ಮನವಿ ಮಂಡಳಿಯ ಗೋಡೆಯ ನಕ್ಷೆಯಲ್ಲಿ ಸಾಹೇಬರ ಹೆಸರಿನ ನೀಲಿ ಕಂಬ ನಿನ್ನೆ ಛತ್ತು ಮುಟ್ಟಿತು. ಹಾಳೆ ಸಾಲದೆ ಹಾಳೆಯ ಮೇಲೆ ಹಾಳೆ ಅಂಟಿಸಿದ್ದೇನೆ. ಇನ್ನೊಂದು ಗೇಣು ಬೆಳೆದರೆ ಪಂಖಾ ತೆಗೆಸಬೇಕಾಗುತ್ತದೆ.

ಯಾವ ನ್ಯಾಯಾಧೀಶರು ಎಷ್ಟು ಪ್ರಕರಣ ಮುಗಿಸಿದರು ಎಂದು ಎಣಿಸಿ ಕಂಬ ಬರೆಯುವುದು ಅಂಕಿಅಂಶ ಗುಮಾಸ್ತನಾದ ಈ ಮೌನೇಶನ ಕೆಲಸ. ಯಾದಗಿರಿಯವರ ಕಂಬ ನನ್ನ ಸೊಂಟಕ್ಕೆ ಬರುತ್ತದೆ. ಶಹಾಪುರದವರದು ಮೊಣಕಾಲಿಗೆ. ಪಾಪ, ಅವರು ಅರ್ಜಿದಾರರ ಜೊತೆ ಮಾತಾಡುತ್ತ ಕೂಡುತ್ತಾರೆ. ಮಾತಾಡಿದರೆ ಕಂಬ ಬೆಳೆಯುತ್ತದೆಯೇ?

ನಮ್ಮ ಸಾಹೇಬರ ಪದ್ಧತಿಯೇ ಬೇರೆ. ಅವರ ಪೀಠ ಇದೇ ಮೇಲಂತಸ್ತಿನಲ್ಲಿದೆ. ಕಾಲಿಲ್ಲವೆಂದು ಅರ್ಜಿ ಹಾಕಿದವರು ಮೆಟ್ಟಿಲೇರಿ ಬಂದರೆ ಕಾಲಿದೆ ಎಂದಾಯಿತು: ವಜಾ. ಬಾರದಿದ್ದರೆ ಗೈರುಹಾಜರಿ: ವಜಾ. ಇಷ್ಟು ಸ್ವಚ್ಛವಾದ ನ್ಯಾಯವನ್ನು ಎಲ್ಲಾದರೂ ಕಂಡಿದ್ದೀರಾ? ಈ ಅಂಕಿಗಳನ್ನು ಮೇಲಿನವರು ಓದಿದ್ದು ಹೀಗೆ: ಸುರಪುರ ತಾಲ್ಲೂಕಿನಲ್ಲಿ ಅಂಗವೈಕಲ್ಯ ಇಳಿಮುಖವಾಗಿದೆ. ಕಾರಣ ಹುಡುಕಲು ಒಂದು ತಂಡ ಬಂದು, ಬಾವಿಯ ನೀರು ಪರೀಕ್ಷಿಸಿ ಹೋಯಿತು.

ಮನೆಯ ಮಾತೊಂದು, ಕ್ಷಮಿಸಬೇಕು. ವನದುರ್ಗದ ದೇವಕಮ್ಮ ನನ್ನ ಸೋದರತ್ತೆ. ಕುರಿ ಹೊಡೆದುಕೊಂಡು ಬರುವಾಗ ಟ್ರ್ಯಾಕ್ಟರ್ ಹಾಯ್ದು ಅವರ ಬಲಗಾಲು ಮಡಚದಂತಾಗಿದೆ. ಕಳೆದ ಎರಡು ವಿಚಾರಣೆಗಳಿಗೂ ಬಂದು ಕೆಳಗೆ ಬೇವಿನ ನೆರಳಿಗೆ ಕುಳಿತರು. ಜವಾನ ಹುಲಗಪ್ಪ ಪದ್ಧತಿಯಂತೆ ಮೇಲಿನಿಂದ ಹೆಸರು ಕೂಗಿದ.

"ಇಲ್ಲೇ ಅದೀನೋ ಯಪ್ಪಾ."

"ಕೆಳಗಿನ ದನಿ ಲೆಕ್ಕಕ್ಕ ಬರೂದಿಲ್ಲಬೇ ಯವ್ವಾ."

ನಾನು ಇಳಿದು ಹೋದೆ. ಅತ್ತೆ ಬುತ್ತಿ ಬಿಚ್ಚಿ ನನಗೂ ಕೊಟ್ಟರು.

"ಏ ಮೌನ್ಯಾ, ನಿನ್ನ ಹಾಳ್ಯಾಗ ನಾ ಏನಂತ ಅದೀನಿ?"

"ಗೈರ ಅದೀರಿ ಅತ್ತಿ."

"ಗೈರ ಇದ್ದಾಕಿ ಕೊಟ್ಟ ರೊಟ್ಟಿ ಹೆಂಗ ತಿನ್ನಾಕತ್ತಿ?"

ನನ್ನ ಬಾಯಲ್ಲಿ ರೊಟ್ಟಿ ಇತ್ತು.

ಆದರೆ ಅಂದೇ ನಕ್ಷೆಯಲ್ಲಿ ಹೊಸ ಕಾಲಂ ತೆರೆದೆ: 'ದನಿ ಹಾಜರು, ಆಸಾಮಿ ಗೈರು.' ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಮೌನೇಶ, ಇದರಿಂದ ನನ್ನ ಕಂಬ ಮೋಟ ಆಗ್ತದ. ತಗದ ಬಿಡ್ರಿ." ತೆಗೆದೆ. ಕಂಬ ಬೆಳೆಯಿತು. ಶಿಸ್ತು ಎಂದರೆ ಇದಲ್ಲವೇ?

ಸಭಿಕರೇ, ಗೈರಿಗೆ ವಜಾ ಆದವರು ಎರಡು ಸಲ ಮರುಅರ್ಜಿ ಹಾಕಬಹುದು; ಮೂರನೆಯ ಗೈರಿಗೆ ಕಡತ ಕಾಯಂ ಮುಚ್ಚುತ್ತದೆ. ಆಮೇಲೆ ಅತ್ತೆ ಮಾಸಾಶನದ ಹೆಸರೆತ್ತುವಂತಿಲ್ಲ. ಮೂರನೆಯ ವಿಚಾರಣೆ ಇವತ್ತೇ ಇದೆ. ಸಾಹೇಬರ ಸೇವೆಯ ಕೊನೆಯ ಪ್ರಕರಣ ಅದು. ಹಾರ ಬಿದ್ದ ಮೇಲೆ ಕೂಗುತ್ತಾರೆ. ಅತ್ತೆ ಆಗಲೇ ಕೆಳಗೆ ಬಂದು ಕುಳಿತಿದ್ದಾರೆ. ಸಾಹೇಬರೇ, ತಾವು ಗಡಿಯಾರ ನೋಡಬೇಡಿ, ಮುಗಿಸುತ್ತಿದ್ದೇನೆ. ಹುಲಗಪ್ಪ, ನೀನು ಮಂಡಾಳ ಒಗ್ಗರಣೆ ನಿಧಾನಕ್ಕೆ ತಿನ್ನು.

ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ಮೆಟ್ಟಿಲೇರಿದವರಿಗೆ ಕಲಮು ಇದೆ, ಏರದವರಿಗೂ ಇದೆ. ಬೇರೆಯವರು ಹೊತ್ತು ತಂದ ಅರ್ಜಿದಾರರನ್ನು ಎಲ್ಲಿ ಬರೆಯಬೇಕೆಂದು ಎಲ್ಲಿಯೂ ಇಲ್ಲ. ಅಂಥವರು ಎದುರಿಗೆ ಬಂದರೆ ನ್ಯಾಯಾಧೀಶರು ಬೇರೆ ದಾರಿಯಿಲ್ಲದೆ ಅವರ ಕಾಲನ್ನೇ ನೋಡಬೇಕಾಗುತ್ತದೆ.

ಇಷ್ಟು ಹೊತ್ತು ಸಹಿಸಿದ ಎಲ್ಲರಿಗೂ ನಾನು ಋಣಿ, ನಮಸ್ಕಾರ. ಅಧ್ಯಕ್ಷರು ದಯವಿಟ್ಟು ಒಂದು ಗಳಿಗೆ ಎದ್ದು ನಿಂತು ತಮ್ಮ ಕೈಯಿರುವ ಕುರ್ಚಿ ಕೊಡಬೇಕು. ಮುಂದಿನ ಸಾಲಿನ ಗಟ್ಟಿಮುಟ್ಟಾದ ನಾಲ್ವರು ಅದನ್ನು ಹಿಡಿದುಕೊಂಡು ನನ್ನ ಜೊತೆ ಕೆಳಗೆ ಬನ್ನಿ. ಮೇಲೆ ಬರುವಾಗ ತಿರುವಿನಲ್ಲಿ ಕುರ್ಚಿಯನ್ನು ಸ್ವಲ್ಪ ಎಡಕ್ಕೆ ವಾಲಿಸಿರಿ. ಅತ್ತೆಯ ಬಲಗಾಲು ಗೋಡೆಗೆ ತಾಗಬಾರದು.