ಸಡಿಲ ತಂತಿಯವನ ವಂದನಾರ್ಪಣೆ

ನಡುವಿನ ಕುರ್ಚಿಯನ್ನು ತುಂಬಿ ಕುಳಿತಿರುವ ಭಜನೆ ಮಂಡಳಿಯ ಅಧ್ಯಕ್ಷರಾದ ಚಲುವಯ್ಯನವರೇ, ಸನ್ಮಾನದ ಶಾಲು ಹೊದ್ದು ಬೆವರುತ್ತಿರುವ ನಮ್ಮ ಹಾರ್ಮೋನಿಯಂ ನರಸಯ್ಯನವರೇ, ಊಟದ ವಾಸನೆ ಬಂದರೂ ಎದ್ದು ಹೋಗದ ಅಕ್ಕೂರಿನ ಸಭಿಕರೇ,

ವಂದನಾರ್ಪಣೆಯನ್ನು ಎರಡೇ ಮಾತಿನಲ್ಲಿ ಮುಗಿಸಬೇಕೆಂದು ಅಧ್ಯಕ್ಷರ ಅಪ್ಪಣೆ. ಮುಗಿಸುತ್ತೇನೆ. ಅದಕ್ಕೂ ಮೊದಲು ನನ್ನ ಗಿಟಾರಿನ ವಿಷಯ ಒಸಿ ಹೇಳಬೇಕು.

ನಾನು ನಟರಾಜು, ನಿಮ್ಮ ನಿವೃತ್ತ ಲೈನ್‌ಮನ್. ಸರ್ವೀಸು ಪೂರ್ತಿ ನೀವು ನನ್ನನ್ನು ಬೈದದ್ದು ಯಾವುದಕ್ಕೆ? ತಂತಿ ಜೋತು ಬಿದ್ದಿದೆ ಎಂದು. ನಿವೃತ್ತನಾದ ಮೇಲೆ ನಾನು ಮಾಡಿದ್ದೇನು? ಮಗಳು ಸಿಂಧು ಅಟ್ಟಕ್ಕೆ ಎಸೆದಿದ್ದ ಗಿಟಾರನ್ನು ಇಳಿಸಿ, ಅದರ ತಂತಿಗಳನ್ನು ನಾನೇ ಸಡಿಲ ಮಾಡಿದೆ! ಹವಾಯಿ ದ್ವೀಪಗಳಲ್ಲಿ ದನ ಕಾಯುವವರು ಹೀಗೆ ಕೆಲವು ತಂತಿ ಸಡಿಲಿಸಿ ನುಡಿಸುತ್ತಿದ್ದರಂತೆ. ಎಡಗೈ ಬೆರಳು ಇಡದೆ ಮೀಟಿದರೂ ಎಲ್ಲ ತಂತಿಗಳೂ ಕೂಡಿ ಹಾಡುತ್ತವೆ. ಫೋನು ನೋಡಿ ಕಲಿತೆ. ನನ್ನ ಹೆಂಡತಿ ಬೋರಮ್ಮ ಕೇಳಿ, "ತಂತಿ ಬಿಗಿಯಕ್ಕೂ ಬರಾಕಿಲ್ವಾ ನಿಮ್ಗೆ? ಊರೆಲ್ಲಾ ಕಂಬ ಅತ್ತಿದ್ದು ದಂಡ" ಅಂದಳು.

ಆದರೆ ಒಬ್ಬನೇ ಎಷ್ಟು ದಿನ ನುಡಿಸುವುದು? ತಪ್ಪಾದರೆ ನಗುವವರಿಲ್ಲ, ಸರಿಯಾದರೆ ಆಹಾ ಅನ್ನುವವರಿಲ್ಲ. ಚನ್ನಪಟ್ಟಣದ ಆರ್ಕೆಸ್ಟ್ರಾ ಸುಹೇಲನನ್ನು, ನನ್ನನ್ನೂ ಸೇರಿಸಿಕೊಳ್ಳಪ್ಪ ಎಂದು ಕೇಳಿದೆ. "ಸಾರ್, ಇಷ್ಟು ನಿಧಾನ ನುಡ್ಸುದ್ರೆ ಮದ್ವೆ ಜನ ಊಟಕ್ಕೆ ಎದ್ದೋಯ್ತಾರೆ" ಅಂದ.

ಕೊನೆಗೆ ಗಿಟಾರನ್ನು ಭಜನೆ ಮನೆಗೇ ತಂದೆ. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ನರಸಯ್ಯನವರು, "ತಂತಿ ಜೋತೋಗಿತ್ತು ಕಣಪ್ಪ, ಬಿಗಿ ಮಾಡಿವ್ನಿ" ಎಂದು ಕೈಗಿತ್ತರು. ಉಪಕಾರವೇ, ಒಪ್ಪೋಣ. ಮೊದಲ ಮೀಟಿಗೇ ತಂತಿ ಹರಿದು ಅಧ್ಯಕ್ಷರ ಹಣೆಗೆ ಬಡಿಯಿತು. "ಲೇ ನಟರಾಜ, ನಿನ್ನ ಕರೆಂಟ್ ವಾದ್ಯ ಇನ್ಮೇಲೆ ಒಳಕ್ ತರ್ಬ್ಯಾಡ ಕಣ್ಲಾ" ಅಂದರು. ನಾನು ತರಲಿಲ್ಲ.

ಮರುದಿನ ಸಂಜೆ ನರಸಯ್ಯನವರು ಮೊಪೆಡ್ಡಿನ ಮೇಲೆ ಹಾರ್ಮೋನಿಯಂ ಹೇರಿಕೊಂಡು ನಮ್ಮ ಮನೆಗೇ ಬಂದರು. ಅವರು ಒಂದು ಸ್ವರ ಒತ್ತಿ ಹಿಡಿದರು. ನಾನು ಹೊಸ ತಂತಿ ಹಾಕಿ, ಸಡಿಲಿಸಿ, ಅದಕ್ಕೆ ಕೂಡಿಸಿ ಮೀಟಿದೆ. ಬೋರಮ್ಮ ಸಾರಿನ ಸೌಟು ಹಿಡಿದೇ ಬಾಗಿಲಿಗೆ ಬಂದಳು. ನನಗೆ ಅಳು ಬಂತು, ಸಭಿಕರೇ. ಒಲೆಯ ಹೊಗೆ ಅಂದೆ. ನಮ್ಮದು ಗ್ಯಾಸ್ ಒಲೆ.

ಈಗ ನರಸಯ್ಯನವರ ಬೆರಳು ನಡುಗುತ್ತವೆ, ತಾಳಕ್ಕೆ ಓಡುವುದಿಲ್ಲ ಎಂದು ಮಂಡಳಿ ಅವರಿಗೆ ವಿಶ್ರಾಂತಿ ಕೊಟ್ಟಿದೆ. ಸಂತೋಷ. ಹಾರ್ಮೋನಿಯಂ ಮಾತ್ರ ಮಂಡಳಿಗೇ ಇರಲಿ ಎಂದೂ ತೀರ್ಮಾನಿಸಿದೆ. ಅದು ಯಾರದ್ದು? ನರಸಯ್ಯನವರ ಅಪ್ಪನದು. ಅವರನ್ನು ಯಾರಾದರೂ ಕೇಳಿದಿರಾ? ನಾನು ಕೇಳಿದೆ. "ಅದ ಬುಟ್ಟು ನಾನೆಂಗಪ್ಪಾ ಇರ್ಲಿ?" ಅಂದರು.

ಇನ್ನು ವಂದನೆಗಳು. ಶಾಮಿಯಾನದವರಿಗೆ, ಅಡುಗೆಯವರಿಗೆ, ಮೈಕು ಕಿತ್ತುಕೊಳ್ಳದ ಅಧ್ಯಕ್ಷರಿಗೆ ವಂದನೆ. ಅಧ್ಯಕ್ಷರು ಈಗ ತಾನೇ ಹಾರ ಹಾಕಿ ಸ್ವೀಕರಿಸಿದ ಹಾರ್ಮೋನಿಯಂ ಪೆಟ್ಟಿಗೆ ಮಂಡಳಿಯಲ್ಲೇ ಇರಲಿ. ಒಳಗೆ ಬೋರಮ್ಮ ತೆಂಗಿನಕಾಯಿ ತುಂಬಿದ್ದಾಳೆ, ಶನಿವಾರದ ಪೂಜೆಗಾಗುತ್ತವೆ. ಹಾರ್ಮೋನಿಯಂ ಬೆಳಿಗ್ಗೆಯೇ ನಮ್ಮ ಜಗುಲಿ ಸೇರಿದೆ. ಚಲುವಯ್ಯನವರೇ, ಸಿಟ್ಟು ಇಳಿದ ಮೇಲೆ ನೀವೂ ತಾಳ ಹಿಡಿದು ಬನ್ನಿ, ಆದರೆ ಒಸಿ ನಿಧಾನವಾಗಿ ಹಾಕಬೇಕು.

ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ ನಮಸ್ಕಾರ. ನರಸಯ್ಯನವರೇ, ಏಳಿ, ಬೇಗ. ಮೊಪೆಡ್ ಸ್ಟಾರ್ಟಿನಲ್ಲೇ ಇದೆ.